ಕಳ್ಳಿನ ಮಡಕೆ ಇಳಿಸಿದ ಗುರು

ಉಡುಪಿಯಿಂದ ಕಾಪುವಿನ ಕಡೆಗಾಗಲಿ, ಕಾರ್ಕಳದ ಕಡೆಗಾಗಲಿ ಬಸ್ಸಿನಲ್ಲಿ ಹೊರಟರೆ ಒಂದು ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸರಳ ವಸ್ತ್ರ ಹೊದ್ದು ಶಾಂತವಾಗಿ ಕುಳಿತಿರುವ ವೃದ್ಧ ಸನ್ಯಾಸಿಯೊಬ್ಬರ ಚಿತ್ರ ಅದು. ರಿಕ್ಷಾದ ಹಿಂಬದಿಯಲ್ಲಿ, ಅಂಗಡಿಯ ಗೋಡೆಯಲ್ಲಿ, ಸಂಘದ ಸಭಾಭವನದಲ್ಲಿ, ಊರೂರಿನ ಗುರುಮಂದಿರದಲ್ಲಿ ಅವರಿದ್ದಾರೆ. ಬ್ರಹ್ಮಶ್ರೀ ನಾರಾಯಣ ಗುರು ಎಂದರೆ ನಮ್ಮ ನೆರೆಹೊರೆಯ ಬಿಲ್ಲವ ಬಾಂಧವರ ಗುರುಗಳು ಎಂಬಷ್ಟು ನಮಗೆಲ್ಲ ಗೊತ್ತು. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವ ಗೋಜಿಗೆ ನಮ್ಮಲ್ಲಿ ಅನೇಕರು ಹೋಗಿಲ್ಲ.

2024ರ ನವೆಂಬರ್ 30ರಂದು ವ್ಯಾಟಿಕನ್ನಿನಲ್ಲಿ ಆಗಿನ ಜಗದ್ಗುರು ಪೋಪ್ ಫ್ರಾನ್ಸಿಸರು ಇದೇ ಗುರುಗಳನ್ನು ಗೌರವದಿಂದ ಸ್ಮರಿಸಿದರು. ನಾರಾಯಣ ಗುರುಗಳು 1924ರಲ್ಲಿ ಆಲುವಾದಲ್ಲಿ ಕರೆದಿದ್ದ ಸರ್ವಧರ್ಮ ಸಮ್ಮೇಳನಕ್ಕೆ ನೂರು ವರ್ಷ ತುಂಬಿದ ಸಂದರ್ಭವದು. ಜಾತಿಯ ಗೋಡೆಗಳನ್ನು ಕೆಡವಲು ದುಡಿದ ಅವರ ಬದುಕಿನಲ್ಲಿ ನಮ್ಮ ಕುಟುಂಬಗಳು ಗಮನಿಸಬೇಕಾದ ಇನ್ನೊಂದು ಅಧ್ಯಾಯವಿದೆ. ಕಳ್ಳು ಇಳಿಸುವುದೇ ಕುಲಕಸುಬಾಗಿದ್ದ ಒಂದು ಸಮಾಜಕ್ಕೆ, ಆ ಸಮಾಜದಲ್ಲೇ ಹುಟ್ಟಿದ ವ್ಯಕ್ತಿಯೊಬ್ಬರು ಮದ್ಯವನ್ನು ಬಿಡಿರೆಂದು ಹೇಳಿದ ಅಧ್ಯಾಯ ಅದು.

ಬಾಲ್ಯ ಮತ್ತು ತಪಸ್ಸು

ನಾರಾಯಣ ಗುರುಗಳು 1856ರಲ್ಲಿ ತಿರುವನಂತಪುರದ ಸಮೀಪದ ಚೆಂಬಳಂತಿ ಎಂಬ ಹಳ್ಳಿಯ ಈಳವ ಕುಟುಂಬದಲ್ಲಿ ಜನಿಸಿದರು. ತಂದೆ ಮಾಡನ್ ಆಶಾನ್, ತಾಯಿ ಕುಟ್ಟಿಯಮ್ಮ. ತಂದೆ ಕೃಷಿಕರು, ಮಕ್ಕಳಿಗೆ ಅಕ್ಷರ ಕಲಿಸುವ ಉಪಾಧ್ಯಾಯರೂ ಹೌದು. ಸೋದರಮಾವ ಕೃಷ್ಣನ್ ವೈದ್ಯರು ಆಯುರ್ವೇದ ಬಲ್ಲವರು. ಈ ಮನೆಗೆ ವಿದ್ಯೆಯ ಬೆಳಕು ಮೊದಲೇ ತಲುಪಿತ್ತು. ಆದರೆ ಈಳವರನ್ನು ಅಂದಿನ ತಿರುವಾಂಕೂರಿನಲ್ಲಿ ಅಸ್ಪೃಶ್ಯರಂತೆ ದೂರವಿಡಲಾಗಿತ್ತು. ದೊಡ್ಡ ದೇವಾಲಯಗಳ ಒಳಗೆ ಅವರಿಗೆ ಪ್ರವೇಶವಿರಲಿಲ್ಲ. ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ನಡೆಯುವುದಕ್ಕೂ ಎಷ್ಟೋ ಕಡೆ ಅಡ್ಡಿಯಿತ್ತು.

ಬಾಲಕ ನಾಣು ಕಾಯಂಕುಳದ ಹತ್ತಿರದ ಗುರುವೊಬ್ಬರಲ್ಲಿ ಸಂಸ್ಕೃತ ಕಲಿತು, ಕಾಯಿಲೆ ಬಿದ್ದು ಊರಿಗೆ ಮರಳಿದ. ಕೆಲಕಾಲ ಮಕ್ಕಳಿಗೆ ಪಾಠ ಹೇಳಿ ನಾಣು ಆಶಾನ್ ಎಂದು ಹೆಸರಾದ. ಮನೆಯವರು ಮದುವೆ ಮಾಡಿಸಿದರೂ ಸಂಸಾರದಲ್ಲಿ ಮನಸ್ಸು ನಿಲ್ಲಲಿಲ್ಲ. ಮನೆ ಬಿಟ್ಟು ಅಲೆದರು, ಯೋಗ ಕಲಿತರು, ಮರುತ್ವಮಲೆಯ ಗುಹೆಯಲ್ಲಿ ತಪಸ್ಸಿಗೆ ಕುಳಿತರು. ಬಡವರ ನಡುವೆ ನಡೆದಾಡಿ, ಅವರು ಕೊಟ್ಟದ್ದನ್ನು ಉಂಡು, ಅವರ ಜಗಲಿಯಲ್ಲಿ ಮಲಗಿದರು. ಬಡತನವನ್ನೂ ಕುಡಿತವನ್ನೂ ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ.

1888ರ ಶಿವರಾತ್ರಿಯಂದು ನೆಯ್ಯಾರ್ ಹೊಳೆಯ ದಂಡೆಯ ಅರುವಿಪ್ಪುರಂನಲ್ಲಿ, ಹೊಳೆಯಿಂದಲೇ ಎತ್ತಿ ತಂದ ಕಲ್ಲನ್ನು ಅವರು ಶಿವನೆಂದು ಪ್ರತಿಷ್ಠಾಪಿಸಿದರು. ಪ್ರತಿಷ್ಠೆ ಮಾಡುವ ಹಕ್ಕು ಬ್ರಾಹ್ಮಣರಿಗೆ ಮಾತ್ರ ಎಂಬ ನಂಬಿಕೆಯಿದ್ದ ಕಾಲವದು. ಯಾರ ವಿರುದ್ಧವೂ ಕೂಗಾಡದೆ, ಕಲ್ಲೆಸೆಯದೆ ಅವರು ಆ ಕಟ್ಟಳೆಯನ್ನು ದಾಟಿದರು. 1903ರಲ್ಲಿ ಅವರನ್ನು ಅಧ್ಯಕ್ಷರನ್ನಾಗಿಸಿಕೊಂಡು ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಹುಟ್ಟಿತು. ಅದರ ಹಿಂದಿದ್ದ ಡಾ. ಪಲ್ಪು ಅವರಿಗೆ ಕರ್ನಾಟಕದ ನಂಟಿದೆ. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದ ಆ ವೈದ್ಯರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಬಂದಾಗ ರೋಗಿಗಳ ನಡುವೆ ದುಡಿದಿದ್ದರು. ಯೋಗಂನ ಮೊದಲ ಕಾರ್ಯದರ್ಶಿಯಾದ ಕವಿ ಕುಮಾರನ್ ಆಶಾನ್ ಅವರು ಬೆಂಗಳೂರಿನಲ್ಲಿ ಸಂಸ್ಕೃತ ಓದಿದ್ದೂ ಪಲ್ಪು ಅವರ ನೆರವಿನಿಂದಲೇ.

ಮರವೇರುವವರ ಬದುಕು

ಕೇರಳದಲ್ಲಿ ಈಳವರು ಹೇಗೋ, ತುಳುನಾಡಿನಲ್ಲಿ ಬಿಲ್ಲವರು ಹಾಗೆ. ಕೋಟಿ ಚೆನ್ನಯರ ಶೌರ್ಯವನ್ನು ಪಾಡ್ದನಗಳಲ್ಲಿ ನೆನೆಯುವ ಈ ಸಮಾಜದ ಅನೇಕರ ಹೊಟ್ಟೆಪಾಡು ಮೂರ್ತೆಗಾರಿಕೆಯಾಗಿತ್ತು. ಮೂರ್ತೆಗಾರ ದಿನಕ್ಕೆ ಎರಡು ಮೂರು ಬಾರಿ ತೆಂಗಿನ, ತಾಳೆಯ, ಬೈನೆಯ ಮರ ಏರಬೇಕು. ಹೊಂಬಾಳೆಯನ್ನು ಬಡಿದು, ತುದಿ ಕೊಯ್ದು, ಮಡಕೆ ಕಟ್ಟಬೇಕು. ಮಳೆಗಾಲದಲ್ಲಿ ಜಾರುವ ಮರ, ಬೇಸಗೆಯಲ್ಲಿ ಕುದಿಯುವ ಬಿಸಿಲು. ಬಿದ್ದರೆ ಸೊಂಟ ಮುರಿಯುವುದು ಇಲ್ಲವೆ ಪ್ರಾಣ ಹೋಗುವುದು.

ಮಡಕೆಯ ಒಳಗೆ ಸುಣ್ಣ ಬಳಿದರೆ ಇಳಿಯುವ ರಸ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಕುದಿಸಿ ಬೆಲ್ಲ ಮಾಡಬಹುದು. ತಾಳೆಯ ರಸದಿಂದ ಬರುವುದು ನಮಗೆ ಗೊತ್ತಿರುವ ಓಲೆ ಬೆಲ್ಲ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿರುವ ಹುದುಗು ಸೇರಿ ಕೆಲವೇ ಗಂಟೆಗಳಲ್ಲಿ ಅದು ಹುಳಿಯಾಗಿ ಕಳ್ಳಾಗುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಸಾನ್ನಾಂ ಉಬ್ಬಲು ಒಂದಿಷ್ಟು ಕಳ್ಳು ಹಾಕುವುದು ಈ ಹುದುಗಿಗಾಗಿ. ಅದೇ ಕಳ್ಳನ್ನು ಭಟ್ಟಿ ಇಳಿಸಿದರೆ ಸಾರಾಯಿ. ಒಂದೇ ಮರದ ಒಂದೇ ರಸ ಬೆಲ್ಲವೂ ಆಗಬಲ್ಲದು, ಸಂಸಾರ ಮುಳುಗಿಸುವ ಸಾರಾಯಿಯೂ ಆಗಬಲ್ಲದು. ಮನುಷ್ಯನ ಕೈ ಏನು ಮಾಡುತ್ತದೆ ಎಂಬುದರ ಮೇಲೆ ಅದು ನಿಂತಿದೆ.

ಆಗ ಉಡುಪಿ, ಕಾರ್ಕಳ ತಾಲೂಕುಗಳು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1886ರ ಮದ್ರಾಸ್ ಅಬಕಾರಿ ಕಾಯಿದೆಯು ಮದ್ಯದ ಉತ್ಪಾದನೆ, ಮಾರಾಟಗಳನ್ನು ಸರಕಾರದ ಹಿಡಿತಕ್ಕೆ ತಂದಿತು. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಮರ ಏರಿದವನಿಗೆ ಸಿಗುತ್ತಿದ್ದುದು ಕೂಲಿಯಷ್ಟೇ. ಲಾಭ ಗುತ್ತಿಗೆದಾರನಿಗೆ, ಆದಾಯ ಸರಕಾರಕ್ಕೆ. ದುಡಿದ ಕೂಲಿಯೂ ಎಷ್ಟೋ ವೇಳೆ ಸಂಜೆ ಗಡಂಗಿನಲ್ಲೇ ಕರಗುತ್ತಿತ್ತು. ಸಾಲದ್ದಕ್ಕೆ ಕಳ್ಳಿನ ಕಸುಬು ಮಾಡುವವರೆಂದು ಮೇಲಿನ ಜಾತಿಯವರು ಹೀಯಾಳಿಸುತ್ತಿದ್ದರು. ಕುಡಿಯುವವರಿಗೆ ಇಲ್ಲದ ಹೀನಾಯ ಇಳಿಸಿ ಕೊಡುವವನಿಗೆ ಅಂಟಿಕೊಂಡಿತ್ತು.

ಗುರುಗಳ ನಿಲುವು

ಇಂತಹ ಸಮಾಜಕ್ಕೆ ಕುಡಿಯಬೇಡಿ ಎಂದು ಹೇಳುವುದು ಸುಲಭ, ಇಳಿಸಬೇಡಿ ಎಂದು ಹೇಳುವುದು ಕಷ್ಟ. ಏಕೆಂದರೆ ಅದು ಅನ್ನದ ಪ್ರಶ್ನೆ. ನಾರಾಯಣ ಗುರುಗಳು ಎರಡನ್ನೂ ಹೇಳಿದರು. ಮದ್ಯವು ವಿಷ, ಅದನ್ನು ತಯಾರಿಸಲೂ ಬಾರದು, ಕೊಡಲೂ ಬಾರದು, ಕುಡಿಯಲೂ ಬಾರದು ಎಂಬುದು ಅವರ ಉಪದೇಶದ ಸಾರ. 1920ರ ದಶಕದ ಆರಂಭದಲ್ಲಿ ಈ ಸಂದೇಶವನ್ನು ಅವರ ಅನುಯಾಯಿ ಟಿ.ಕೆ. ಮಾಧವನ್ ಅವರು ಊರೂರಿಗೆ ಕೊಂಡೊಯ್ದು, ಪಾನನಿರೋಧವನ್ನು ಒಂದು ಚಳವಳಿಯನ್ನಾಗಿ ಬೆಳೆಸಿದರು. ಕಳ್ಳು ಕೊಯ್ಯುವ ಕತ್ತಿಯನ್ನು ತುಂಡರಿಸಿ ಕ್ಷೌರದ ಕತ್ತಿ ಮಾಡಿಕೊಂಡು ಬದುಕಿದರೂ ಲೇಸೆಂದು ಗುರುಗಳು ಹೇಳುತ್ತಿದ್ದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ.

ಗುರುಗಳು ಬರಿಯ ಉಪದೇಶಕ್ಕೆ ನಿಲ್ಲಲಿಲ್ಲ. ಕಿರುದೈವಗಳಿಗೆ ಕಳ್ಳು, ಸಾರಾಯಿ ಮತ್ತು ಪ್ರಾಣಿಬಲಿ ಅರ್ಪಿಸುತ್ತಿದ್ದ ಅನೇಕ ಕಡೆಗಳಲ್ಲಿ ಆ ಪದ್ಧತಿಯನ್ನು ನಿಲ್ಲಿಸಿ, ಸಾತ್ವಿಕ ಪೂಜೆಯನ್ನು ಆರಂಭಿಸಿದರು. ಮದುವೆ ಮುಂತಾದ ಸಮಾರಂಭಗಳ ದುಂದುಗಾರಿಕೆಯನ್ನು ಕಡಿಮೆ ಮಾಡಿಸಿದರು. ಕಸುಬು ಬಿಟ್ಟವನಿಗೆ ಬೇರೆ ಕಸುಬು ಬೇಕಲ್ಲವೇ? ಅದಕ್ಕಾಗಿ ಶಾಲೆ, ಕೈಗಾರಿಕೆ, ವ್ಯಾಪಾರಗಳತ್ತ ಜನರನ್ನು ತಿರುಗಿಸಿದರು. 1905ರಲ್ಲಿ ಯೋಗಂನ ವಾರ್ಷಿಕ ಸಭೆಯ ಜೊತೆಗೆ ಕೊಲ್ಲಂನಲ್ಲಿ ಕೈಗಾರಿಕಾ ಪ್ರದರ್ಶನವೇ ನಡೆಯಿತು. 1928ರಲ್ಲಿ ಶಿವಗಿರಿ ತೀರ್ಥಯಾತ್ರೆಗೆ ಒಪ್ಪಿಗೆ ಕೊಟ್ಟಾಗಲೂ ಅದರ ಉದ್ದೇಶಗಳಲ್ಲಿ ದೇವಭಕ್ತಿಯ ಜೊತೆಗೆ ವಿದ್ಯೆ, ಶುಚಿತ್ವ, ಸಂಘಟನೆ, ಕೃಷಿ, ವ್ಯಾಪಾರ, ಕೈಕಸುಬು, ತಾಂತ್ರಿಕ ತರಬೇತಿಗಳನ್ನು ಸೇರಿಸಿದರು.

ಮಂಗಳೂರಿಗೆ ಬಂದ ಬೆಳಕು

ನಮ್ಮ ಕರಾವಳಿಯಲ್ಲಿ ಬಿಲ್ಲವರ ಮುಂದೆ ಆಗಲೇ ಇನ್ನೊಂದು ದಾರಿ ತೆರೆದಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಮಿಶನರಿಗಳ ಮೂಲಕ ಅನೇಕ ಬಿಲ್ಲವ ಕುಟುಂಬಗಳು ಕ್ರೈಸ್ತ ಧರ್ಮಕ್ಕೆ ಸೇರಿದ್ದವು. ಹಳೆಯ ಆಸರೆ, ಹಳೆಯ ಕಸುಬು ಕಳೆದುಕೊಂಡವರಿಗೆ ಮಿಶನ್ನಿನವರು ನೇಯ್ಗೆ, ಮುದ್ರಣ, ಹೆಂಚಿನ ಕಾರ್ಖಾನೆಗಳಲ್ಲಿ ಕೆಲಸ ಕೊಟ್ಟರು. ತಮ್ಮ ಧರ್ಮದಲ್ಲೇ ಉಳಿದು ಗೌರವದಿಂದ ಬಾಳಬಯಸಿದ ಬಿಲ್ಲವ ಮುಖಂಡರ ಕಣ್ಣು ಕೇರಳದ ಗುರುಗಳ ಕಡೆಗೆ ಹೋಯಿತು.

ಮಂಗಳೂರಿನ ಹೊಯಿಗೆ ಬಜಾರಿನ ಸಾಹುಕಾರ್ ಕೊರಗಪ್ಪನವರ ಮುಂದಾಳುತನದಲ್ಲಿ ಬಿಲ್ಲವರು ಗುರುಗಳನ್ನು ಆಹ್ವಾನಿಸಿದರು. 1908ರಲ್ಲಿ ಗುರುಗಳು ಮಂಗಳೂರಿಗೆ ಬಂದು ಕುದ್ರೋಳಿಯ ಸ್ಥಳವನ್ನು ಆರಿಸಿಕೊಟ್ಟರು. 1912ರ ಫೆಬ್ರವರಿಯಲ್ಲಿ ಅಲ್ಲಿ ಗೋಕರ್ಣನಾಥ ದೇವಾಲಯದ ಪ್ರತಿಷ್ಠೆಯನ್ನು ತಾವೇ ನೆರವೇರಿಸಿದರು. ಹೊರಗೆ ನಿಂತು ಕೈಮುಗಿಯುತ್ತಿದ್ದವರಿಗೆ ಒಳಗೆ ಹೋಗುವ ಒಂದು ಗುಡಿ ಸಿಕ್ಕಿತು. ಅದರ ಜೊತೆಗೇ ವಿದ್ಯೆಯ, ಸಂಘಟನೆಯ, ಮದ್ಯವರ್ಜನೆಯ ಮಾತು ಉಡುಪಿ, ಕಾಪು, ಕಾರ್ಕಳದ ಕಡೆಗೂ ಹರಡಿತು. ಮುಂಬಯಿಗೆ ದುಡಿಯಲು ಹೋದವರು 1932ರಲ್ಲಿ ಅಲ್ಲಿ ಬಿಲ್ಲವರ ಅಸೋಸಿಯೇಶನ್ ಕಟ್ಟಿದರು; 1978ರಲ್ಲಿ ಅದೇ ಸಮಾಜದ ಮುಂದಾಳುತನದಲ್ಲಿ ಭಾರತ್ ಸಹಕಾರಿ ಬ್ಯಾಂಕು ಆರಂಭವಾಯಿತು. ಮರ ಏರುತ್ತಿದ್ದವರ ಮೊಮ್ಮಕ್ಕಳು ಉಪಾಧ್ಯಾಯರೂ ವೈದ್ಯರೂ ವಕೀಲರೂ ಮಂತ್ರಿಗಳೂ ಆದದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ.

1922ರಲ್ಲಿ ರವೀಂದ್ರನಾಥ ಠಾಕೂರರು, ಕ್ರೈಸ್ತ ಸೇವಕ ಸಿ.ಎಫ್. ಆಂಡ್ರ್ಯೂಸರೊಡನೆ ಗುರುಗಳನ್ನು ಕಾಣಲು ಶಿವಗಿರಿಗೆ ಬಂದರು. 1925ರ ಮಾರ್ಚಿನಲ್ಲಿ ಮಹಾತ್ಮಾ ಗಾಂಧೀಜಿ ಬಂದರು. 1927ರಲ್ಲಿ ಕಳವಂಗೋಡಿನಲ್ಲಿ ಗುರುಗಳು ವಿಗ್ರಹದ ಬದಲಿಗೆ ಒಂದು ಕನ್ನಡಿಯನ್ನು ಪ್ರತಿಷ್ಠಾಪಿಸಿದರು. 1928ರ ಸಪ್ಟೆಂಬರ್ 20ರಂದು, ಕೆಲಕಾಲದ ಅನಾರೋಗ್ಯದ ಬಳಿಕ, ಶಿವಗಿರಿಯಲ್ಲಿ ಅವರು ದೇಹತ್ಯಾಗ ಮಾಡಿದರು.

ಮಾತು ನಿಂತಿತು, ಮದ್ಯ ನಿಲ್ಲಲಿಲ್ಲ

ಗುರುಗಳ ಮಾತನ್ನು ಎಲ್ಲರೂ ಪಾಲಿಸಿದರೆಂದು ಹೇಳಿದರೆ ಸುಳ್ಳಾದೀತು. ಅವರ ಹೆಸರು ಹೇಳುವವರಲ್ಲೇ ಮದ್ಯದ ಗುತ್ತಿಗೆಯಿಂದ ಸಿರಿವಂತರಾದವರಿದ್ದಾರೆ. ಸ್ವಾತಂತ್ರ್ಯ ಬಂದ ಬಳಿಕ 1948ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯದ ಎಲ್ಲೆಡೆ ಪಾನನಿಷೇಧ ಜಾರಿಗೆ ಬಂತು. ನಮ್ಮ ಜಿಲ್ಲೆಯೂ ಅದರೊಳಗಿತ್ತು. ಸಂವಿಧಾನದ 47ನೇ ವಿಧಿಯೂ ಪಾನನಿಷೇಧವನ್ನು ಸರಕಾರದ ಗುರಿಯೆಂದು ಹೇಳಿತು. ಆದರೆ ಗುಡ್ಡದ ಮರೆಯಲ್ಲಿ ಕಳ್ಳಭಟ್ಟಿ ಉರಿಯಿತು. 1960ರ ದಶಕದ ಕೊನೆಗೆ ಅಂದಿನ ಮೈಸೂರು ರಾಜ್ಯ ನಿಷೇಧವನ್ನು ಕೈಬಿಟ್ಟಿತು. 2007ರ ಜುಲೈಯಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಕುಡಿಯುತ್ತಿದ್ದವರಲ್ಲಿ ಬಹಳ ಮಂದಿ ಅಗ್ಗದ ವಿಸ್ಕಿ, ರಮ್ಮಿನ ಕಡೆಗೆ ಹೊರಳಿದರು. ಮನೆಯೊಳಗೆ ತೀರ್ಮಾನವಾಗದೆ ಕಾನೂನೊಂದೇ ಈ ಪಿಡುಗನ್ನು ಓಡಿಸಲಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಮನೆಯ ಮಾತು

ಇನ್ನು ನಮ್ಮ ಕಡೆಗೆ ನೋಡೋಣ. ನಮ್ಮವರು ಮರ ಏರಿ ಕಳ್ಳು ಇಳಿಸಿದವರಲ್ಲ ನಿಜ. ಆದರೆ ಗಾಜಿನ ಲೋಟ ಎತ್ತುವುದರಲ್ಲಿ ನಾವು ಯಾರಿಗೇನು ಕಡಿಮೆ? ಮದುವೆಯ ಹಿಂದಿನ ದಿನದ ರೋಸಿಗೆ ಬಾಟ್ಲಿ ಬೇಕು, ಮದುವೆಯ ಟೋಸ್ಟಿಗೆ ಬೇಕು, ಮಗುವಿನ ನಾಮಕರಣಕ್ಕೆ ಬೇಕು, ಹೊಸ ಮನೆಯ ಆಶೀರ್ವಾದಕ್ಕೆ ಬೇಕು. ಕೊಡದಿದ್ದರೆ ಕಂಜೂಸು ಎಂಬ ಹೆಸರು. ಸಾಲ ಮಾಡಿಯಾದರೂ ಪೆಟ್ಟಿಗೆಗಟ್ಟಲೆ ತರಿಸುವವರಿದ್ದಾರೆ. ಹದಿನಾರರ ಹುಡುಗ ಮೊದಲ ಗುಟುಕು ಕುಡಿಯುವುದು ಎಷ್ಟೋ ವೇಳೆ ಬಾರಿನಲ್ಲಲ್ಲ, ನಮ್ಮದೇ ಅಂಗಳದ ಚಪ್ಪರದಡಿಯಲ್ಲಿ, ನಮ್ಮದೇ ಬಂಧುಗಳ ಕೈಯಿಂದ.

ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸವನ್ನಾಗಿಸಲಿಲ್ಲವೇ ಎಂದು ಕೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಹೌದು, ಧರ್ಮಸಭೆ ದ್ರಾಕ್ಷಾರಸವನ್ನು ಪಾಪವೆಂದು ಎಂದೂ ಹೇಳಿಲ್ಲ. ಈ ವಿಷಯದಲ್ಲಿ ನಾರಾಯಣ ಗುರುಗಳ ದಾರಿಯೂ ನಮ್ಮ ದಾರಿಯೂ ಒಂದೇ ಅಲ್ಲ. ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಮಿತಿಮೀರಿದ ಮದ್ಯಸೇವನೆಯನ್ನು ಸಂಯಮಕ್ಕೆ ವಿರುದ್ಧವೆಂದೂ, ಕುಡಿದು ವಾಹನ ಓಡಿಸಿ ಇತರರ ಪ್ರಾಣಕ್ಕೆ ಅಪಾಯ ತರುವುದನ್ನು ಗಂಭೀರ ಅಪರಾಧವೆಂದೂ ಹೇಳುತ್ತದೆ. ಮಾದಕ ದ್ರವ್ಯಗಳ ವಿಷಯದಲ್ಲಂತೂ ಸೇವಿಸುವವನನ್ನು ಮಾತ್ರವಲ್ಲ, ಗುಟ್ಟಾಗಿ ತಯಾರಿಸುವವನನ್ನೂ ಸಾಗಿಸುವವನನ್ನೂ ಅದು ಹೊಣೆಯಾಗಿಸುತ್ತದೆ. ಕುಡಿಯುವವನ ಜೊತೆಗೆ ಕೊಡುವವನನ್ನೂ ಪ್ರಶ್ನಿಸಿದ ಗುರುಗಳ ಮಾತು ನಮಗೆ ಪರಕೀಯವೇನೂ ಅಲ್ಲ.

ಬಿಯರ್ ಕುಡಿದರೆ ತೊಂದರೆಯಿಲ್ಲ, ಕಳ್ಳು ದೇಹಕ್ಕೆ ತಂಪು ಎಂಬ ಮಾತುಗಳನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಕಳ್ಳಿನಲ್ಲಿ ಸುಮಾರು ನೂರಕ್ಕೆ 5 ಪಾಲು ಮದ್ಯಸಾರವಿದ್ದರೆ, ನಮ್ಮ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ 42.8 ಪಾಲು. ಅಂದರೆ ಅರ್ಧ ಲೀಟರ್ ಕಳ್ಳು 60 ಮಿಲಿಲೀಟರಿನ ಒಂದು ದೊಡ್ಡ ಪೆಗ್ಗಿಗೆ ಸಮ. ನೂರಕ್ಕೆ 8 ಪಾಲಿರುವ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರಿನ ಒಂದು ಬಾಟ್ಲಿ ಅಂಥ ಎರಡು ಪೆಗ್ಗಿಗೆ ಸಮ. ಯಕೃತ್ತಿಗೆ ಬಾಟ್ಲಿಯ ಹೆಸರು ಗೊತ್ತಿಲ್ಲ. ಅದು ಮದ್ಯಸಾರವನ್ನು ಮಾತ್ರ ಎಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಇನ್ನು ನಮ್ಮ ದೇಶದ ಕೆಲವೆಡೆ ಕಲಬೆರಕೆ ಕಳ್ಳಿನಲ್ಲಿ ಕ್ಲೋರಲ್ ಹೈಡ್ರೇಟ್, ಡಯಾಜಿಪಾಮ್‌ನಂತಹ ಮಂಪರು ಔಷಧಿಗಳೂ ಪತ್ತೆಯಾಗಿವೆ.

ಗುರುಗಳ ಕಾಲದಲ್ಲಿ ಇಲ್ಲದ ಪಿಡುಗುಗಳೂ ಇಂದು ನಮ್ಮ ಬಾಗಿಲಿಗೆ ಬಂದಿವೆ. ದೇಶವಿದೇಶಗಳ ಸಾವಿರಾರು ಮಕ್ಕಳು ಓದುವ ಮಣಿಪಾಲದಲ್ಲಿ ಮತ್ತು ಉಡುಪಿಯ ಸುತ್ತಮುತ್ತ ಪೊಲೀಸರು ಗಾಂಜಾ, ಎಂಡಿಎಂಎ ವಶಪಡಿಸಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಇವುಗಳನ್ನು ಇಟ್ಟುಕೊಳ್ಳುವುದೇ 1985ರ ಮಾದಕ ದ್ರವ್ಯ ಕಾಯಿದೆಯಂತೆ ಅಪರಾಧ. ಎಂಡಿಎಂಎ ಎಂಬುದು ಪ್ರಯೋಗಶಾಲೆಯಲ್ಲಿ ತಯಾರಾಗುವ ಉತ್ತೇಜಕ. ಅದು ಮೈಯ ಬಿಸಿಯನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಹೃದಯದ ಬಡಿತವನ್ನು ತಪ್ಪಿಸಬಲ್ಲದು. ಕೈಗೆ ಬಂದ ಪುಡಿಯಲ್ಲಿ ಇನ್ನೇನು ಬೆರೆತಿದೆಯೆಂದು ಕೊಂಡವನಿಗೂ ತಿಳಿದಿರುವುದಿಲ್ಲ. ಮಗ ಏಕಾಏಕಿ ಹಣ ಕೇಳತೊಡಗಿದರೆ, ನಿದ್ದೆಯ ಹೊತ್ತು ತಲೆಕೆಳಗಾದರೆ, ಹಳೆಯ ಗೆಳೆಯರನ್ನು ಬಿಟ್ಟರೆ, ಬೈಯುವ ಮೊದಲು ಹತ್ತಿರ ಕೂರಿಸಿ ಕೇಳುವುದು ಹೆತ್ತವರ ಕೆಲಸ.

ಚಟ ಅಂಟಿದವನು ಬರಿಯ ಕೆಟ್ಟವನಲ್ಲ, ರೋಗಿಯೂ ಹೌದು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಕೈನಡುಕ, ಭ್ರಮೆ, ಫಿಟ್ಸ್ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಆದುದರಿಂದ ತಪಸ್ಸುಕಾಲ ಬಂತೆಂದು ಮನೆಯ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಗಂಡನಿಗೆ ತಿಳಿಯದಂತೆ ಊಟದಲ್ಲಿ ಮದ್ದು ಬೆರೆಸುವುದೂ ಅಪಾಯವೇ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಮಾತ್ರೆಯ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಸಾವೂ ಸಂಭವಿಸೀತು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋರೋಗ ವಿಭಾಗವಿದೆ, ಉಡುಪಿಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಮದ್ಯವ್ಯಸನ ವಿಮುಕ್ತಿ ಶಿಬಿರಗಳಿಗೆ ಹೆಸರಾಗಿದೆ. ಕೇಂದ್ರ ಸರಕಾರದ 14446 ಎಂಬ ಉಚಿತ ಸಹಾಯವಾಣಿ ಇದೆ. 1935ರಲ್ಲಿ ಅಮೆರಿಕದಲ್ಲಿ ಕುಡಿತದಿಂದ ಪಾರಾದ ಇಬ್ಬರು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸಭೆಗಳು ನಮ್ಮ ಕರಾವಳಿಯಲ್ಲೂ ನಡೆಯುತ್ತವೆ. ಅಲ್ಲಿ ಯಾರ ಹೆಸರನ್ನೂ ಹೊರಗೆ ಹೇಳುವುದಿಲ್ಲ. ಒಮ್ಮೆ ಬಿಟ್ಟವನು ಮತ್ತೆ ಜಾರಿದರೆ ಕೈಬಿಡಬಾರದು; ಜ್ವರ ಮರುಕಳಿಸಿದರೆ ನಾವು ರೋಗಿಯನ್ನು ಹೊರಗೆ ಹಾಕುತ್ತೇವೆಯೇ?

ನಾರಾಯಣ ಗುರುಗಳು ತಮ್ಮ ಜನರಿಗೆ ಅವರ ಅನ್ನದ ದಾರಿಯನ್ನೇ ಬಿಡಿರೆಂದರು. ಕತ್ತಿ ಕೆಳಗಿಟ್ಟು, ನಾಳೆ ಒಲೆ ಉರಿಯುವುದೋ ಇಲ್ಲವೋ ಎಂದು ತಿಳಿಯದೆಯೂ ಅವರ ಮಾತನ್ನು ನಂಬಿದ ಬಡವರಿದ್ದರು. ನಮ್ಮನ್ನು ಯಾರೂ ಅಷ್ಟು ಕೇಳುತ್ತಿಲ್ಲ. ರೋಸಿನ ರಾತ್ರಿ ಚಪ್ಪರದಡಿಯಲ್ಲಿ ಬಾಟ್ಲಿ ಇಡದಿರುವುದು ಯಾರ ಅನ್ನವನ್ನೂ ಕಸಿಯುವುದಿಲ್ಲ. ಊರಿನಲ್ಲಿ ಒಂದು ಮನೆಯವರು ಧೈರ್ಯ ಮಾಡಿದರೆ, ಮನಸ್ಸಿದ್ದೂ ಅಂಜುತ್ತಿದ್ದ ಇನ್ನು ನಾಲ್ಕು ಮನೆಗಳಿಗೆ ದಾರಿಯಾಗುತ್ತದೆ. ವಾರ್ಡಿನ ಮುಂದಿನ ಕೂಟದಲ್ಲಿ ಗುರ್ಕಾರರು ಈ ವಿಷಯವನ್ನೆತ್ತಲಿ. ಮಾತನಾಡಲು ಮೊದಲ ಅವಕಾಶವನ್ನು ಕುಡುಕ ಗಂಡನ, ಕುಡುಕ ಮಗನ ಜೊತೆ ಬಾಳುತ್ತಿರುವ ತಾಯಂದಿರಿಗೆ ಕೊಡಲಿ. ಗಂಡಸರು ಆ ಒಂದು ಸಂಜೆ ಸುಮ್ಮನೆ ಕುಳಿತು ಕೇಳಲಿ.